ವಿಮಾನ ದುರಂತಕ್ಕೆ ಸದನದ ಸಂತಾಪ: ಎದ್ದು ನಿಂತಾಗ ಏನಾಗುತ್ತದೆ, ಏನಾಗುವುದಿಲ್ಲ

2025ರ ಜೂನ್ 12ರಂದು ಏರ್ ಇಂಡಿಯಾದ 171ನೇ ನಂಬರಿನ ವಿಮಾನ ಅಹಮದಾಬಾದಿನಿಂದ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಒಳಗಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಸೇರಿ ಒಟ್ಟು 260 ಸಾವು. ಲೋಕಸಭೆ ಇದಕ್ಕೆ ಸಂತಾಪ ಸೂಚಿಸಿದ್ದು ಜುಲೈ 21ಕ್ಕೆ. ಅಂದರೆ 39 ದಿನ ಕಳೆದ ಮೇಲೆ.

ಇಷ್ಟು ತಡ ಯಾಕೆ? ಉದಾಸೀನ ಅಂತ ಬೈಯುವ ಮುಂಚೆ ಒಂದು ವಿಷಯ ಗೊತ್ತಿರಬೇಕು. ಪ್ರಧಾನಿ, ರಾಷ್ಟ್ರಪತಿ, ಮುಖ್ಯಮಂತ್ರಿ ಇವರೆಲ್ಲ ಮನೆಯಲ್ಲಿ ಕೂತೇ ಸಂತಾಪದ ಹೇಳಿಕೆ ಕೊಡಬಹುದು. ಸದನಕ್ಕೆ ಅದು ಆಗುವುದಿಲ್ಲ. ಸದಸ್ಯರು ಸೇರಿ, ಸಭಾಧ್ಯಕ್ಷರು ಪೀಠದಲ್ಲಿ ಕೂತು, ಕಲಾಪ ಶುರುವಾದರೆ ಮಾತ್ರ ಸದನಕ್ಕೆ ಬಾಯಿ. ಆ ವರ್ಷ ಬಜೆಟ್ ಅಧಿವೇಶನ ಏಪ್ರಿಲ್ 4ಕ್ಕೇ ಮುಗಿದಿತ್ತು, ಮುಂಗಾರು ಅಧಿವೇಶನ ಶುರುವಾಗಿದ್ದೇ ಜುಲೈ 21ಕ್ಕೆ. ಹಾಗಾಗಿ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ ಸತ್ತವರಿಗೂ, ಅಹಮದಾಬಾದಿನಲ್ಲಿ ಸತ್ತವರಿಗೂ, ಆ ನಡುವೆ ತೀರಿಕೊಂಡ ಮಾಜಿ ಸದಸ್ಯರಿಗೂ ಒಂದೇ ಬೆಳಿಗ್ಗೆ ಸಂತಾಪ ನಡೆಯಿತು. ಮಂಗಳೂರಿನ ದುರಂತದ ಹೊತ್ತಿಗೂ ಹೀಗೇ ಆಗಿತ್ತು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಸಂಸತ್ತಿನ ಅಧಿವೇಶನ ಮುಗಿದು ಆಗಲೇ ಎರಡು ವಾರ ಆಗಿತ್ತು. ಮತ್ತೆ ಸೇರಿದ್ದು ಜುಲೈ 26ಕ್ಕೆ.

ಇನ್ನು ಆ ಕೆಲವು ನಿಮಿಷಗಳಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ನೋಡೋಣ. ಟಿವಿಯಲ್ಲಿ ನೋಡಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಆದರೆ ಒಂದೊಂದು ಸದನದ್ದೂ ಒಂದೊಂದು ರೀತಿ.

ಲೋಕಸಭೆಯಲ್ಲಿ ಸಾಮಾನ್ಯವಾಗಿ ಸ್ಪೀಕರ್ ಒಬ್ಬರೇ ಓದುತ್ತಾರೆ. ಘಟನೆ ಏನು, ಎಲ್ಲಿ, ಎಷ್ಟು ಜನ ಅಂತ ನಾಲ್ಕಾರು ಸಾಲು, ಸದನದ ದುಃಖ, ಕುಟುಂಬಗಳಿಗೆ ಸಾಂತ್ವನ. ಆಮೇಲೆ ಎಲ್ಲರೂ ಎದ್ದು ಸ್ವಲ್ಪ ಹೊತ್ತು ಮೌನ. ಮತಕ್ಕೆ ಹಾಕುವ ಪ್ರಶ್ನೆಯೇ ಇಲ್ಲ. ಕರ್ನಾಟಕದ ವಿಧಾನಸಭೆಯಲ್ಲಿ ಮಾತು ಜಾಸ್ತಿ. ಅಧಿವೇಶನದ ಮೊದಲ ದಿನ ಸಭಾಧ್ಯಕ್ಷರು ಸಂತಾಪ ಸೂಚನೆ ಮಂಡಿಸುತ್ತಾರೆ, ಮುಖ್ಯಮಂತ್ರಿ ಅದನ್ನು ಬೆಂಬಲಿಸಿ ಮಾತಾಡುತ್ತಾರೆ, ವಿರೋಧ ಪಕ್ಷದ ನಾಯಕರು ಮಾತಾಡುತ್ತಾರೆ, ಸತ್ತವರ ಊರಿನ ಕಡೆಯ ಶಾಸಕರು ನೆನಪು ಹಂಚಿಕೊಳ್ಳುತ್ತಾರೆ, ಕೊನೆಗೆ ಒಂದು ನಿಮಿಷ ಮೌನ. ವಿಧಾನ ಪರಿಷತ್ತಿನಲ್ಲಿ ಇದನ್ನೇ ಸಭಾಪತಿ ನಡೆಸುತ್ತಾರೆ. ನನಗೆ ನಮ್ಮ ಈ ರೀತಿಯೇ ಇಷ್ಟ. ಉದ್ದ ಆಗುತ್ತದೆ ನಿಜ, ಕೆಲವರು ಸುಮ್ನೆ ಎಳೆಯುತ್ತಾರೆ ಅನ್ನುವುದೂ ನಿಜ, ಆದರೆ ಸತ್ತವರನ್ನು ಕಂಡವರು ನಾಲ್ಕು ಮಾತಾಡಿದರೆ ಬರುವ ತೂಕ ಬರೀ ಓದಿ ಮುಗಿಸಿದರೆ ಬರುವುದಿಲ್ಲ.

ಯಾರು ಮಾತಾಡಬೇಕು ಅನ್ನುವುದೇ ಜಗಳ ಆಗುವುದೂ ಉಂಟು. 2021ರ ಡಿಸೆಂಬರ್ 8ರಂದು ತಮಿಳುನಾಡಿನ ಕೂನೂರಿನ ಹತ್ತಿರ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು, ಸೇನಾಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇರಿ 13 ಮಂದಿ ಸತ್ತರು. ಹದಿನಾಲ್ಕನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ಮೇಲೆ ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಸಂಸತ್ತಿನ ಚಳಿಗಾಲದ ಅಧಿವೇಶನ ನಡೆಯುತ್ತಿತ್ತು. ಹಾಗಾಗಿ ಮರುದಿನವೇ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎರಡೂ ಸದನಗಳಲ್ಲಿ ಹೇಳಿಕೆ ಕೊಟ್ಟರು, ಸದಸ್ಯರು ಎದ್ದು ನಿಂತರು. ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ. ಶ್ರದ್ಧಾಂಜಲಿ ಹೇಳಲು ವಿರೋಧ ಪಕ್ಷದವರಿಗೆ ಒಂದೆರಡು ನಿಮಿಷವನ್ನೂ ಕೊಡಲಿಲ್ಲ ಅಂತ ಅವರು ಹೊರಗೆ ಬಂದು ಬೇಸರ ಹೇಳಿಕೊಂಡರು. ಹನ್ನೆರಡು ಸದಸ್ಯರ ಅಮಾನತಿನ ವಿರುದ್ಧ ನಡೆಯುತ್ತಿದ್ದ ಧರಣಿಯನ್ನು ವಿರೋಧ ಪಕ್ಷದವರು ಅವತ್ತಿನ ಮಟ್ಟಿಗೆ ನಿಲ್ಲಿಸಿದ್ದರು, ಆದರೂ ಮೈಕು ಸಿಗಲಿಲ್ಲ. ಸಚಿವರು ಮಾತಾಡಿದರೆ ಅದು ಸರ್ಕಾರದ ಸಂತಾಪ. ಸದನದ ಸಂತಾಪ ಅನ್ನಿಸಬೇಕಾದರೆ ಎದುರು ಬೆಂಚಿನಿಂದಲೂ ದನಿ ಬರಬೇಕು. ಇದರಲ್ಲಿ ಖರ್ಗೆಯವರ ಮಾತೇ ಸರಿ ಅನ್ನಿಸುತ್ತದೆ ನನಗೆ.

ಸತ್ತವರು ಸದನದವರೇ ಆಗಿದ್ದರೆ ಲೆಕ್ಕ ಬೇರೆ. 2002ರ ಮಾರ್ಚ್ 3ರಂದು ಆಂಧ್ರದ ಕೈಕಲೂರಿನ ಹತ್ತಿರ ಹೆಲಿಕಾಪ್ಟರ್ ಬಿದ್ದು ಸತ್ತದ್ದು ಲೋಕಸಭೆಯ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ. ಸಂತಾಪ ಓದಬೇಕಾದವರೇ ಇಲ್ಲ. ಬಜೆಟ್ ಅಧಿವೇಶನದ ಮಧ್ಯದಲ್ಲಿ ಆ ಹೊಣೆ ಡೆಪ್ಯುಟಿ ಸ್ಪೀಕರ್ ಪಿ.ಎಂ. ಸಯೀದ್ ಅವರ ಮೇಲೆ ಬಿತ್ತು. ಪೋಲೆಂಡಿನದು ಇನ್ನೂ ಘೋರ. 2010ರ ಏಪ್ರಿಲ್ 10ರಂದು ರಷ್ಯಾದ ಸ್ಮೊಲೆನ್ಸ್ಕ್ ಹತ್ತಿರ ಬಿದ್ದ ವಿಮಾನದಲ್ಲಿ ಅಧ್ಯಕ್ಷ ಲೆಹ್ ಕಚಿನ್ಸ್ಕಿ ಸೇರಿ 96 ಮಂದಿ ಇದ್ದರು, ಯಾರೂ ಬದುಕಲಿಲ್ಲ. ಅವರಲ್ಲಿ 18 ಮಂದಿ ಸಂಸದರು. ಮೂರು ದಿನ ಬಿಟ್ಟು ಎರಡೂ ಸದನದವರು ಒಟ್ಟಿಗೆ ಸೇರಿದಾಗ ಸತ್ತವರ ಕುರ್ಚಿಗಳ ಮೇಲೆ ಅವರವರ ಫೋಟೋ, ಹೂವು ಇಟ್ಟಿದ್ದರು.

ಪಟ್ಟಿಯಲ್ಲಿ ಹೆಸರು ಬರುವುದು, ಬರದೇ ಇರುವುದು ಕೂಡ ಇದೇ ಲೆಕ್ಕ. ಸದನ ತನ್ನ ಹಾಲಿ ಮತ್ತು ಮಾಜಿ ಸದಸ್ಯರನ್ನು ಹೆಸರು ಹಿಡಿದು ನೆನೆಯುತ್ತದೆ, ಹುಟ್ಟಿದ್ದೆಲ್ಲಿ, ಯಾವ ಕ್ಷೇತ್ರ, ಯಾವ ಸಮಿತಿ ಎಲ್ಲ ಹೇಳುತ್ತದೆ. ದುರಂತದಲ್ಲಿ ಸತ್ತ ಜನಸಾಮಾನ್ಯರು ಒಂದು ಸಂಖ್ಯೆಯಾಗಿ ಬರುತ್ತಾರೆ. ಅಹಮದಾಬಾದಿನ ವಿಮಾನದಲ್ಲಿ ಗುಜರಾತಿನ ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾನಿ ಇದ್ದರು. ಅವರು ಹಿಂದೆ ರಾಜ್ಯಸಭೆಯ ಸದಸ್ಯರೂ ಆಗಿದ್ದವರು. ರೂಢಿಯ ಪ್ರಕಾರ ಅಂಥವರಿಗೆ ಬೇರೆಯೇ ಸಾಲು ಇರುತ್ತದೆ. ಪಕ್ಕದ ಸೀಟಿನವರಿಗೆ ಇರುವುದಿಲ್ಲ. ಇದನ್ನು ಅನ್ಯಾಯ ಅಂತ ನಾನು ಅನ್ನುವುದಿಲ್ಲ, 260 ಹೆಸರು ಓದಲು ಸಮಯ ಎಲ್ಲಿದೆ ಅನ್ನುವವರೂ ಇದ್ದಾರೆ. ಆದರೆ 260 ಹೆಸರು ಓದಲು ಎಷ್ಟು ಹೊತ್ತು ಬೇಕು ಹೇಳಿ? ಹೆಚ್ಚೆಂದರೆ ಕಾಲು ಗಂಟೆ. ಗದ್ದಲದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂತಾಪಕ್ಕೆ ಯಾರೂ ವಿರೋಧ ಮಾಡುವುದಿಲ್ಲ. ಯಾಕೆ? ಅದರಲ್ಲಿ ಯಾರ ತಪ್ಪು ಅನ್ನುವ ಮಾತೇ ಇರುವುದಿಲ್ಲ. ಬೇಕಂತಲೇ ಇಡುವುದಿಲ್ಲ. ತನಿಖೆ ಮುಗಿದಿರುವುದಿಲ್ಲ, ಕೋರ್ಟಿಗೆ ಹೋಗುವ ವಿಷಯ, ಪರಿಹಾರದ ಲೆಕ್ಕ ಬಾಕಿ, ವಿಮಾನ ಕಂಪನಿ, ತಯಾರಕರು, ಪೈಲಟ್, ಸರ್ಕಾರ ಯಾರ ಕಡೆಗೆ ಬೆರಳು ತೋರಿಸಿದರೂ ಒಮ್ಮತ ಅಲ್ಲಿಗೇ ಮುರಿಯುತ್ತದೆ. ಒಮ್ಮತ ಬೇಕು ಅಂದರೆ ಮಾತು ಖಾಲಿ ಇರಬೇಕು.

ಇದು ಎಷ್ಟು ನಿಜ ಅಂತ ನೋಡಬೇಕಾದರೆ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ನೆನಪಿಸಿಕೊಳ್ಳಿ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಅದನ್ನು ಕ್ಷಿಪಣಿಯಿಂದ ಹೊಡೆದುರುಳಿಸಲಾಯಿತು, 298 ಮಂದಿ ಸತ್ತರು, ಅವರಲ್ಲಿ 196 ಮಂದಿ ನೆದರ್ಲೆಂಡ್ಸ್‌ನವರು. ನಾಲ್ಕೇ ದಿನದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿತು. ಭದ್ರತಾ ಮಂಡಳಿ ಶಾಸನಸಭೆ ಅಲ್ಲ, ಗೊತ್ತು, ಆದರೆ ಕೈ ಎತ್ತಿ ಮತ ಹಾಕುವ ಜಾಗವಂತೂ ಹೌದು. ಆ ನಿರ್ಣಯ ಘಟನೆಯನ್ನು ಖಂಡಿಸಿತು, ಕುಟುಂಬಗಳಿಗೆ ಸಂತಾಪ ಹೇಳಿತು, ತನಿಖೆಗೆ ದಾರಿ ಬಿಡಿ ಅಂದಿತು, ಹೊಡೆದವರು ಯಾರು ಅಂತ ಮಾತ್ರ ಹೇಳಲಿಲ್ಲ. ಹದಿನೈದಕ್ಕೆ ಹದಿನೈದು ಮತ, ರಷ್ಯಾವೂ ಸೇರಿ. ಒಂದು ವರ್ಷದ ಮೇಲೆ, 2015ರ ಜುಲೈ 29ಕ್ಕೆ, ತಪ್ಪಿತಸ್ಥರ ವಿಚಾರಣೆಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಬೇಕು ಅನ್ನುವ ನಿರ್ಣಯ ಬಂತು. ರಷ್ಯಾ ವೀಟೋ ಹಾಕಿತು. ಸತ್ತವರು ಅವರೇ, ಮಂಡಳಿಯೂ ಅದೇ. ಬದಲಾದದ್ದು ಪ್ರಶ್ನೆ ಮಾತ್ರ.

ಸಂತಾಪ ಯಾರಿಗೆ ಹೇಳುತ್ತೇವೆ ಅನ್ನುವುದರಲ್ಲೂ ಗಾಯ ಆಗುತ್ತದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಖಾಲಿಸ್ತಾನಿ ಉಗ್ರರ ಬಾಂಬ್ ಸ್ಫೋಟಕ್ಕೆ ಸಿಕ್ಕಿ ಐರ್ಲೆಂಡ್ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. 329 ಸಾವು. ಸತ್ತವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳು. ಆದರೆ ಕೆನಡಾದ ಆಗಿನ ಪ್ರಧಾನಿ ಬ್ರಯನ್ ಮಲ್ರೋನಿ ಫೋನ್ ಮಾಡಿ ಸಂತಾಪ ಹೇಳಿದ್ದು ರಾಜೀವ್ ಗಾಂಧಿಗೆ. ಸತ್ತವರು ನಮ್ಮವರಲ್ಲ, ಅವರವರು ಅನ್ನುವ ಹಾಗೆ. ಕುಟುಂಬದವರು ಇದನ್ನು ಇವತ್ತಿಗೂ ಮರೆತಿಲ್ಲ. ನ್ಯಾಯಮೂರ್ತಿ ಜಾನ್ ಮೇಜರ್ ಅವರ ವಿಚಾರಣಾ ಆಯೋಗ ಸರ್ಕಾರದ ಸಾಲು ಸಾಲು ಲೋಪಗಳನ್ನು ಬಿಚ್ಚಿಟ್ಟ ಮೇಲೆ, 2010ರಲ್ಲಿ, ಅಂದರೆ ಇಪ್ಪತ್ತೈದು ವರ್ಷ ಆದಮೇಲೆ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದರು. ಮತ್ತೆ 2024ರ ಜೂನ್ 18ರಂದು ಕೆನಡಾದ ಸಂಸತ್ತು, ಭಾರತ ಉಗ್ರ ಅಂತ ಘೋಷಿಸಿದ್ದ ಖಾಲಿಸ್ತಾನಿ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಯಾಗಿ ಒಂದು ವರ್ಷ ತುಂಬಿತು ಅಂತ ಮೌನ ಆಚರಿಸಿತು. ವ್ಯಾಂಕೂವರ್‌ನ ಭಾರತೀಯ ಕಾನ್ಸುಲೇಟ್ ಕೂಡಲೇ ಕನಿಷ್ಕ ಸ್ಮರಣೆಗೆ ಬನ್ನಿ ಅಂತ ಜನರನ್ನು ಕರೆಯಿತು. ಒಂದು ನಿಮಿಷದ ಮೌನಕ್ಕೆ ಉತ್ತರವಾಗಿ ಇನ್ನೊಂದು ಮೌನ. ರಾಜತಾಂತ್ರಿಕ ಜಗಳ ಹೀಗೂ ನಡೆಯುತ್ತದೆ.

ಅಮೆರಿಕದಲ್ಲಿ ಸಂತಾಪವೇ ಒಂದು ದಸ್ತಾವೇಜು. ಅಲ್ಲಿ ಯಾರಾದರೂ ಒಬ್ಬ ಸದಸ್ಯರು, ಸಾಮಾನ್ಯವಾಗಿ ದುರಂತ ನಡೆದ ಊರಿನ ಪ್ರತಿನಿಧಿ, ನಿರ್ಣಯದ ಕರಡು ತರುತ್ತಾರೆ. ಮೊದಲ ಭಾಗದಲ್ಲಿ ನಡೆದದ್ದನ್ನು ಸಾಲಾಗಿ ದಾಖಲಿಸುತ್ತಾರೆ: ಇಂಥ ದಿನ ಇಂಥ ವಿಮಾನ ಇಂಥ ಕಡೆ ಬಿತ್ತು, ಇಷ್ಟು ಜನ ಸತ್ತರು, ಅಗ್ನಿಶಾಮಕದವರು ಓಡಿ ಬಂದರು. ಎರಡನೇ ಭಾಗದಲ್ಲಿ ಸದನ ಏನು ಹೇಳುತ್ತದೆ ಅನ್ನುವುದು: ಕುಟುಂಬಗಳಿಗೆ ಸಂತಾಪ, ಸಹಾಯ ಮಾಡಿದವರಿಗೆ ಮೆಚ್ಚುಗೆ. ಪ್ರತಿನಿಧಿ ಸಭೆಯಲ್ಲಿ ಇಂಥವನ್ನು ಮಾಮೂಲಿ ನಿಯಮಗಳನ್ನು ಬದಿಗಿಟ್ಟು ತೆಗೆದುಕೊಳ್ಳುವ ಒಂದು ದಾರಿ ಇದೆ. ನಲವತ್ತು ನಿಮಿಷ ಚರ್ಚೆ, ತಿದ್ದುಪಡಿಗೆ ಅವಕಾಶವಿಲ್ಲ, ಮೂರನೇ ಎರಡರಷ್ಟು ಮತ ಬೇಕು. ಸೆನೆಟ್‌ನಲ್ಲಿ ಯಾರದೂ ಆಕ್ಷೇಪ ಇಲ್ಲದಿದ್ದರೆ ಸಾಕು, ಪಾಸು. ಒಂದೇ ಸದನದ ಇಂಥ ನಿರ್ಣಯ ಅಧ್ಯಕ್ಷರ ಸಹಿಗೆ ಹೋಗುವುದಿಲ್ಲ, ಕಾನೂನಾಗುವುದಿಲ್ಲ, ಯಾರಿಗೂ ಒಂದು ರೂಪಾಯಿ ಕೊಡಿಸುವುದಿಲ್ಲ. ಸ್ಮೊಲೆನ್ಸ್ಕ್ ದುರಂತ ಆದಾಗ ಪೋಲೆಂಡಿನ ಜನರಿಗೂ ಅಮೆರಿಕದ ಪ್ರತಿನಿಧಿ ಸಭೆ ಇಂಥದ್ದೊಂದು ನಿರ್ಣಯ ಮಾಡಿತ್ತು.

ಆದರೆ ಒಂದು ಕಥೆ ಸಂತಾಪಕ್ಕೆ ನಿಲ್ಲಲಿಲ್ಲ. 2009ರ ಫೆಬ್ರವರಿ 12ರ ರಾತ್ರಿ ನೆವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕಾಂಟಿನೆಂಟಲ್ ಕನೆಕ್ಷನ್ 3407, ಇಳಿಯುವುದಕ್ಕೆ ಸ್ವಲ್ಪ ಮುಂಚೆ ಕ್ಲಾರೆನ್ಸ್ ಸೆಂಟರ್ ಅನ್ನುವ ಊರಿನ ಒಂದು ಮನೆ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ಅವರಲ್ಲಿ ಬೆವರ್ಲಿ ಎಕರ್ಟ್ ಅನ್ನುವವರಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಗಂಡನನ್ನು ಕಳೆದುಕೊಂಡಿದ್ದವರು, ಆ ದಾಳಿಯ ತನಿಖೆಗೆ ಸ್ವತಂತ್ರ ಆಯೋಗ ಬೇಕು ಅಂತ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿದ ಕುಟುಂಬಗಳಲ್ಲಿ ಮುಂದೆ ನಿಂತವರು. ಆ ದಿನ ಹೊರಟಿದ್ದದ್ದು ಗಂಡನ ಹುಟ್ಟುಹಬ್ಬದ ನೆನಪಿಗೆ.

ಈ ದುರಂತಕ್ಕೂ ಸಂತಾಪದ ನಿರ್ಣಯ ಬಂತು. ಕುಟುಂಬಗಳು ಅದನ್ನು ಸ್ವೀಕರಿಸಿ ಮನೆಗೆ ಹೋಗಲಿಲ್ಲ. ತನಿಖೆಯಲ್ಲಿ ಒಂದೊಂದೇ ಸಂಗತಿ ಹೊರಗೆ ಬರುತ್ತಿತ್ತು. ಟಿಕೆಟ್ ಮೇಲೆ ಕಾಂಟಿನೆಂಟಲ್ ಅಂತ ಇತ್ತು, ಹಾರಿಸಿದ್ದು ಕೋಲ್ಗನ್ ಏರ್ ಅನ್ನುವ ಸಣ್ಣ ಕಂಪನಿ. ವೇಗ ತೀರಾ ಕಡಿಮೆಯಾಗಿದೆ ಅಂತ ಪೈಲಟ್ ಕೈಯಲ್ಲಿರುವ ಕಂಟ್ರೋಲ್ ನಡುಗಿ ಎಚ್ಚರಿಸಿದಾಗ ಮೂತಿ ಕೆಳಗೆ ಮಾಡಬೇಕಿತ್ತು, ಕ್ಯಾಪ್ಟನ್ ಹಿಂದಕ್ಕೆ ಎಳೆದರು, ವಿಮಾನ ಗಾಳಿಯಲ್ಲಿ ನಿಲ್ಲುವ ಶಕ್ತಿಯನ್ನೇ ಕಳೆದುಕೊಂಡಿತು. ಸಹ ಪೈಲಟ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಇದನ್ನೆಲ್ಲ ಹಿಡಿದುಕೊಂಡು ಕುಟುಂಬದವರು ಸಮಿತಿಯ ವಿಚಾರಣೆಗಳಿಗೆ ಸತ್ತವರ ಫೋಟೋ ಸಮೇತ ಹೋಗಿ ಕೂತರು. ಸಂತಾಪ ಹೇಳಿದ್ದ ಅದೇ ಸದಸ್ಯರ ಮುಂದೆ ನಿಂತು, ಸರಿ, ಈಗ ಮತ ಹಾಕಿ ಅಂದರು. ಸಂತಾಪಕ್ಕೆ ಮತ ಹಾಕಿದವರಿಗೆ ಈ ಜನರನ್ನು ನೋಡಿ ಮುಖ ತಿರುಗಿಸುವುದು ಕಷ್ಟ, ಅಲ್ವಾ? ನನ್ನ ಪ್ರಕಾರ ಸಂತಾಪ ನಿರ್ಣಯದ ನಿಜವಾದ ಉಪಯೋಗ ಇಷ್ಟೇ. ಅದು ಕುಟುಂಬಗಳ ಕೈಯಲ್ಲಿರುವ ಒಂದು ಸಾಲಪತ್ರದ ಹಾಗೆ. ವಸೂಲಿ ಮಾಡುವವರಿದ್ದರೆ ಬೆಲೆ, ಇಲ್ಲದಿದ್ದರೆ ಬರೀ ಕಾಗದ.

2010ರ ಆಗಸ್ಟ್ 1ರಂದು ಹೊಸ ಕಾನೂನಿಗೆ ಒಬಾಮಾ ಸಹಿ ಹಾಕಿದರು. ಅಲ್ಲಿಯವರೆಗೆ ಪ್ರಯಾಣಿಕ ವಿಮಾನದ ಸಹ ಪೈಲಟ್ ಆಗಲು 250 ಗಂಟೆ ಹಾರಾಟ ಸಾಕಿತ್ತು. ಈಗ ಸಾಮಾನ್ಯವಾಗಿ 1,500 ಗಂಟೆ ಬೇಕು. ಪೈಲಟ್‌ಗಳ ದಣಿವಿಗೆ ಹೊಸ ನಿಯಮ, ಹಳೆಯ ಪರೀಕ್ಷೆಗಳಲ್ಲಿ ಫೇಲಾಗಿದ್ದರೆ ಅದು ಹೊಸ ಕಂಪನಿಗೆ ಗೊತ್ತಾಗುವಂಥ ದಾಖಲೆ, ವಿಮಾನ ಹಾರಿಸುವ ಕಂಪನಿ ಯಾವುದು ಅಂತ ಟಿಕೆಟ್ ಕೊಳ್ಳುವಾಗಲೇ ತಿಳಿಸಬೇಕು ಅನ್ನುವ ನಿಯಮ, ಎಲ್ಲವೂ ಇದರಿಂದಲೇ ಬಂದದ್ದು. ಇಲ್ಲಿ ಒಂದು ಮುಜುಗರದ ಸಂಗತಿ ಇದೆ, ಮುಚ್ಚಿಡಬಾರದು. ಆ ವಿಮಾನದ ಇಬ್ಬರೂ ಪೈಲಟ್‌ಗಳಿಗೆ 1,500 ಗಂಟೆಗಿಂತ ಜಾಸ್ತಿಯೇ ಅನುಭವ ಇತ್ತು. ಹಾಗಾದರೆ ಈ ನಿಯಮ ಆ ದುರಂತವನ್ನು ತಪ್ಪಿಸುತ್ತಿತ್ತಾ ಅಂತ ವಿಮಾನ ಕಂಪನಿಗಳ ಕಡೆಯವರು ಇವತ್ತಿಗೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ದುಃಖದಿಂದ ಹುಟ್ಟಿದ ಕಾನೂನು ಪ್ರತಿ ಸಲ ಸರಿಯಾದ ಮೊಳೆಗೇ ಹೊಡೆಯುತ್ತದೆ ಅಂತೇನಿಲ್ಲ. ಆದರೆ ಅದಾದ ಮೇಲೆ 2025ರ ಜನವರಿ 29ರವರೆಗೆ, ಅಂದರೆ ವಾಷಿಂಗ್ಟನ್ನಿನ ಮೇಲೆ ವಿಮಾನಕ್ಕೂ ಸೇನಾ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ 67 ಮಂದಿ ಸಾಯುವವರೆಗೆ, ಅಮೆರಿಕದ ಪ್ರಯಾಣಿಕ ವಿಮಾನ ಕಂಪನಿಗಳಿಗೆ ಅಷ್ಟು ದೊಡ್ಡ ದುರಂತ ಆಗಲಿಲ್ಲ. 2024ರಲ್ಲಿ 1,500 ಗಂಟೆಯ ನಿಯಮ ಸಡಿಲಿಸುವ ಪ್ರಯತ್ನ ನಡೆದಾಗ ಬಫಲೋ ಕುಟುಂಬಗಳು ಮತ್ತೆ ಎದುರು ನಿಂತವು. ನಿಯಮ ಉಳಿಯಿತು.

ನಮ್ಮಲ್ಲಿ ಇಂಥ ದಾರಿ ಇಲ್ಲವಾ? ಇದೆ. ಆದರೆ ಅದು ಸಂತಾಪದ ಸಾಲಿನಲ್ಲಿ ಸಿಗುವುದಿಲ್ಲ. ಸಚಿವರು ತಾವಾಗಿ ಹೇಳಿಕೆ ಕೊಟ್ಟರೆ ಲೋಕಸಭೆಯಲ್ಲಿ ಆ ಹೊತ್ತಿಗೆ ಪ್ರಶ್ನೆ ಕೇಳುವಂತಿಲ್ಲ, ನಿಯಮವೇ ಹಾಗಿದೆ. ರಾಜ್ಯಸಭೆಯಲ್ಲಿ ಸ್ಪಷ್ಟನೆ ಕೇಳಬಹುದು. ಉತ್ತರ ಹೇಳಲೇಬೇಕು ಅನ್ನುವ ಹಾಗೆ ಮಾಡಬೇಕಾದರೆ ಪ್ರಶ್ನೋತ್ತರ ವೇಳೆ, ಗಮನ ಸೆಳೆಯುವ ಸೂಚನೆ, ಅಲ್ಪಾವಧಿ ಚರ್ಚೆ, ಇಲ್ಲಾ ಉಳಿದ ಕೆಲಸ ಬದಿಗಿಟ್ಟು ತುರ್ತು ವಿಷಯ ಎತ್ತಿಕೊಳ್ಳಿ ಅನ್ನುವ ನಿಲುವಳಿ ಸೂಚನೆ ಹಿಡಿಯಬೇಕು. 2025ರ ಜುಲೈ 21ರಂದೇ ನೋಡಿ. ಲೋಕಸಭೆಯಲ್ಲಿ ಸಂತಾಪ ಮುಗಿದ ಮೇಲೆ ಬೇರೆ ವಿಷಯಕ್ಕೆ ಗದ್ದಲ ಎದ್ದು ಕಲಾಪ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ರಾಜ್ಯಸಭೆಯಲ್ಲಿ ಅದೇ ದಿನ ಪ್ರಶ್ನೋತ್ತರ ವೇಳೆಯಲ್ಲಿ ವಿಮಾನಯಾನ ಸಚಿವ ರಾಮ್‌ಮೋಹನ್ ನಾಯ್ಡು ಅಹಮದಾಬಾದ್ ತನಿಖೆಯ ಬಗ್ಗೆ ಉತ್ತರ ಕೊಡಬೇಕಾಯಿತು. ಪತ್ರಿಕೆಗಳಲ್ಲಿ ಫೋಟೋ ಬಂದದ್ದು ಮೌನದ್ದು.

ಪರಿಹಾರದ ವಿಷಯ ಕೇಳಿದರೆ ಅದಂತೂ ಸದನದಲ್ಲಿ ತೀರುವುದೇ ಇಲ್ಲ. ಮಂಗಳೂರಿನ ದುರಂತದಲ್ಲಿ ಸತ್ತವರೊಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಎಷ್ಟು ಸದನ ಬಂದು ಹೋದವು, ಎಷ್ಟು ಸಂತಾಪ ಸೂಚನೆ ಆದವು ಅಂತ ಆ ಮನೆಯವರು ಲೆಕ್ಕ ಇಟ್ಟಿರಲಿಕ್ಕಿಲ್ಲ.

ಯಾವುದಾದರೂ ದುರಂತದ ಮೇಲೆ ನಮ್ಮ ಸದನ ನಿಜಕ್ಕೂ ಏನು ಮಾಡಿತು ಅಂತ ತಿಳಿಯಬೇಕಾದರೆ ಮೊದಲ ದಿನದ ನಡಾವಳಿ ಓದಿ ನಿಲ್ಲಿಸಬೇಡಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಪ್ರಶ್ನೆ, ಉತ್ತರ, ಸಮಿತಿ ವರದಿ ಎಲ್ಲ ಪುಕ್ಕಟೆ ಸಿಗುತ್ತವೆ. ಸ್ಥಾಯಿ ಸಮಿತಿಯ ವರದಿಗಳು ಓದಲು ಬೇಜಾರು, ಭಾಷೆಯೂ ಒಣಗಿದ್ದು, ಆದರೆ ಹೂರಣ ಇರುವುದು ಅಲ್ಲೇ. ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿಯ ಸ್ಥಾಯಿ ಸಮಿತಿ 2025ರ ಆಗಸ್ಟಿನಲ್ಲಿ ವಿಮಾನಯಾನ ಸುರಕ್ಷತೆಯ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದ ವಿಮಾನಗಳ ಸುರಕ್ಷತೆ ನೋಡಿಕೊಳ್ಳಬೇಕಾದ ಡಿಜಿಸಿಎಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ ಬಿದ್ದಿವೆ ಅಂತ ಅದರಲ್ಲಿದೆ.